ಹದಿನೆಂಟಕ್ಕ ಇಪ್ಪತ್ನಾಕು

ಕಲಬುರಗಿಯ ಸೂಪರ್ ಮಾರ್ಕೆಟಿನ ಹಿಂದಿನ ಓಣ್ಯಾಗ
ನಂದೊಂದು ಫ್ರೇಮಿನ ಅಂಗಡಿ.
ಚಿತ್ರ ಅಂದ್ರ ನನಗ ಅಳತಿ:
ಹನ್ನೆರಡಕ್ಕ ಹದಿನೈದು, ಸಾಗವಾನಿ ಪಟ್ಟಿ, ಮ್ಯಾಲೊಂದು ಗಾಜು.
ದೇವರಾದ್ರೂ ಅಷ್ಟೇ, ತೀರಿಹೋದವರಾದ್ರೂ ಅಷ್ಟೇ,
ಮೂಲಿ ಕೊರಿಯೋದು ನಲವತ್ತೈದು ಡಿಗ್ರಿಗೇ.

ಹೋದ ಉಗಾದಿ ಮುಂದ ಒಬ್ಬಾಕಿ ಹುಡುಗಿ,
ಭಾಗ್ಯವಂತಿ ಅಂತ ರಸೀದಿಯೊಳಗ ಬರ್ದೀನಿ,
ಹಾಳಿ ಸುತ್ತಿದ ಚಿತ್ರ ಇಟ್ಟು
ನೂರು ರೂಪಾಯಿ ಮುಂಗಡ ಕೊಟ್ಟು ಹೋದಾಕಿ
ಬರಲೇ ಇಲ್ಲ.
ಫೋನ್ ಹಚ್ಚಿದ್ರ ಬಂದ್.
ಹದಿನೆಂಟಕ್ಕ ಇಪ್ಪತ್ನಾಕು, ಒಳಗ ಇಡ್ಲಾಕ ಜಾಗಾ ಇಲ್ಲ,
ಮೊಳಿ ಹೊಡೆದು ಬಾಗಿಲ ಎದುರಿಗೇ ತೂಗುಹಾಕಿದೆ.

ಏನದ ಅದರಾಗ?
ಒಂದು ಮಾಳಿಗಿ. ಒಂದು ಹೊರಸು.
ಹೊರಸಿನ ಮ್ಯಾಲ ಕೆದರಿದ ಕೌದಿ.
ಬಿಸಲು ಇನ್ನೂ ಬಿದ್ದಿಲ್ಲ.
ತಲಿದಿಂಬಿನ ನಡುವ ತೆಲಿಯಷ್ಟು ತಗ್ಗು.
ಮನುಷ್ಯಾರು ಯಾರೂ ಇಲ್ಲ.
ಇಷ್ಟೇ.

ಮೊದಲು ನಿಂತಾಕಿ ಖೈರೂನಬಿ,
ಎದುರಿನ ಬಳಿ ಅಂಗಡ್ಯಾಕಿ.
ಚಿಲ್ಲರ ಕೇಳ್ಲಾಕ ಬಂದಾಕಿ ಚಿಲ್ಲರ ಮರೆತಳು.
"ಈಗರೆ ಎದ್ದು ಹೋಗ್ಯಾನ ನೋಡು," ಅಂದಳು,
"ಕೌದಿ ಇನ್ನೂ ಬೆಚ್ಚಗದ."
ಕೈ ಚಾಚಿದಳು. ಗಾಜು ತಾಕಿತು.
ಬೆರಳಿನ ಗುರುತು ನಾಕು, ಸಾಲಾಗಿ.
ಯಾರು ಅಂತ ನಾ ಕೇಳಲಿಲ್ಲ,
ದಿನಾ ಗಾಜು ಒರೆಸಾವ ಅವತ್ತು ಒರೆಸಲೂ ಇಲ್ಲ.

ಶಹಾಬಾದಿನ ಖಣಿಯ ಹಣಮಯ್ಯ
ಮಗಳ ಲಗ್ನದ ಫೋಟೋ ಒಯ್ಲಾಕ ಬಂದವ
ಮೊದಲು ನೆಲ ನೋಡಿದ:
"ನಮ್ಮದೇ ಫರಸಿ. ಬಣ್ಣ ಬರೋಬರಿ ಹಿಡದಾರ."
ಆಮ್ಯಾಲ ಹೊರಸು ನೋಡಿದ. ಬೀಡಿ ಹಚ್ಚಿದ, ಸೇದಲಿಲ್ಲ.
"ನಾವು ಏಳೂದು ಕತ್ತಲಾಗ್ರಿ.
ನಾ ಎದ್ದು ಹೋದ ಮ್ಯಾಲ ನನ್ನ ಹಾಸಿಗಿ
ಹೆಂಗ ಕಾಣ್ತದಂತ
ಐವತ್ತು ವರ್ಷದಾಗ ಒಮ್ಮಿನೂ ನೋಡಿಲ್ಲ."
ಬೂದಿ ತಾನೇ ಉದುರಿತು.

ಒಬ್ಬ ಪೊಲೀಸಪ್ಪ ನಕ್ಕ: "ಯಾಂವ ಓಡಿಹೋಗ್ಯಾನ?"
ಮೂರು ಅಂಗಡಿ ದಾಟಿದವ ಹೊಳ್ಳಿ ಬಂದು
ಇನ್ನೊಮ್ಮೆ ನೋಡಿದ, ಟೊಪ್ಪಿಗಿ ತೆಗೆದು.
ಯಾರದೋ ಕೂಸು ಮಾತ್ರ
"ಅದರಾಗ ಮಲಗ್ತೀನಿ" ಅಂತ ಹಟ ಹಿಡೀತು,
ಅವರವ್ವ ಬೆನ್ನಿಗೆ ಎರಡು ಬಿಗಿದು ಎಳಕೊಂಡು ಹೋದಳು.

ನನಗೇನೂ ಆಗಿಲ್ಲ ಅಂತಿದ್ದೆ.
ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋತು,
ಓಣ್ಯಾಗ ನಾಯಿ ಸುದ್ದಾ ಇಲ್ಲ,
ಟೇಪು ಹಿಡಕೊಂಡು ಎದ್ದು ಹೋಗಿ
ತಲಿದಿಂಬಿನ ಆ ತಗ್ಗು ಅಳೆದೆ.
ಒಂದೂಕಾಲು ಇಂಚು.
ಪೆನ್ಸಿಲ್ ತಗೊಂಡು ಗೋಡಿ ಮ್ಯಾಲ ಬರದೂ ಬರದೆ.
ಯಾಕ ಬರದೆ?
ಯಾರ ಹೆಸರಿಗೆ ಬಿಲ್ಲು ಹಾಕಲಿ?

ದೀಪಾವಳಿ ಹತ್ರ ಬಂದಾಗ ಬಂದಳು ಭಾಗ್ಯವಂತಿ.
ಟೈಫಾಯ್ಡ್ ಆಗಿತ್ತು, ಫೋನ್ ಕಳೀತು, ಪರೀಕ್ಷಾ ಇತ್ತು,
ಮೂರೂ ಒಂದೇ ಉಸುರಿಗೆ ಹೇಳಿದಳು.
"ಎದ್ದು ಹೋದವರು ಯಾರವ್ವಾ?" ಅಂದೆ.
"ಎಲ್ಲಿಂದ ಅಂಕಲ್?"
ತೋರಿಸಿದೆ.
"ಅಯ್ಯ, ಯಾರೂ ಇಲ್ರಿ!
ಬಟ್ಟಿ ಮಡಿಕಿ, ನೆರಳು, ಕಾಲೇಜಿನ ಅಭ್ಯಾಸ ಅದು.
ಇಪ್ಪತ್ತೈದಕ್ಕ ಹನ್ನೊಂದೇ ಬಂದಾವ.
ಹೊರಸಿನ ಕಾಲು ಸೊಟ್ಟ ಅಂದ್ರು ಸರ್."
ನೋಡಿದೆ. ಹೌದು, ಸೊಟ್ಟ ಅದ.
ಏಳು ತಿಂಗಳು ಎದುರಿಗೇ ಕುಂತ ಅಳತಿಗಾರನ ಕಣ್ಣಿಗೆ
ಕಂಡಿರಲೇ ಇಲ್ಲ.

ಉಳಿದ ರೊಕ್ಕ ಎಣಿಸಿ ಕೊಟ್ಟಳು.
"ಎಷ್ಟು ಧೂಳರಿ" ಅಂತ ಓಢಣಿ ಸೆರಗಿನಿಂದ
ಗಾಜು ಒರೆಸಿದಳು, ನಾಕು ಬೆರಳಿನ ಗುರುತೂ ಸೇರಿ,
ಸ್ಕೂಟಿ ಮುಂದ ನಿಲ್ಲಿಸಿಕೊಂಡು ಹೋದಳು.

ಸಂಜಿಕ ಖೈರೂನಬಿ ಬಂದು ಮೊಳಿ ನೋಡಿದಳು.
ಬರೇ ಮೊಳಿಯನ್ನೂ ಅಷ್ಟೇ ಹೊತ್ತು ನೋಡಿದಳು.
"ಒಯ್ದಳೇನು?"
"ಹೂಂ."
"ಯಾರಂತ ಅಂದಳು, ಎದ್ದು ಹೋದಾಂವ?"
ಗರಗಸದ ಹಲ್ಲಿನಾಗಿನ ಕಟ್ಟಿಗಿ ಹುಡಿ ಊದುತ್ತ ಅಂದೆ,
"ಕೇಳೂದು ಮರತೆ, ಆಪಾ."
"ಛಲೋ ಆತು," ಅಂದಳು.
ಐವತ್ತರ ನೋಟು ಮುಂದ ಹಿಡಿದಳು.
ಈ ಸಲ ಚಿಲ್ಲರ ಎಣಿಸಿಕೊಂಡೇ ಹೋದಳು.